ಕೊನೆಯ ಕೂಗಿಗೆ ಸುಮ್ಮನಿದ್ದವಳು

ಹೋದ ವಾರ ಮಂಡ್ಯದ ಅಂಚೆ ಕಚೇರಿಗೆ ಹೋಗಿದ್ದೆ. ತಂಗಿಯ ಮನೆಗೆ ಬೆಳ್ಳಿಯ ಕುಂಕುಮದ ಭರಣಿಯೊಂದನ್ನು ಕಳಿಸಬೇಕಿತ್ತು. ಬೆಲೆಯ ಸಾಮಾನಾದರೆ ಅರಗಿನ ಮುದ್ರೆ ಬೇಕೇ ಬೇಕು ಎಂದು ಕೌಂಟರಿನ ಹುಡುಗಿ ಮೇಣದಬತ್ತಿ ಹಚ್ಚಿ, ಕೆಂಪು ಅರಗಿನ ಕಡ್ಡಿಯನ್ನು ಉರಿಗೆ ಹಿಡಿದಳು. ಅದು ಕರಗಿ ಬಟ್ಟೆಯ ಹೊಲಿಗೆಯ ಮೇಲೆ ತೊಟ್ಟಿಕ್ಕಿತು. ಆ ವಾಸನೆ… ಸುಟ್ಟ ರಾಳದಂತೆ ಗಂಟಲು ಕೆರೆಯುವ ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಪಕ್ಕದ ಬೆಂಚಿನ ಮೇಲೆ ಕುಸಿದು ಕೂತೆ. "ನೀರು ಬೇಕಾ ತಾತ?" ಎಂದಳು ಪಾಪ. ಬೇಡಮ್ಮ, ನೀನು ಮುದ್ರೆ ಒತ್ತು ಎಂದೆ. ಮನೆಗೆ ಬಂದ ಮೇಲೂ ಅವತ್ತು ಊಟ ಸೇರಲಿಲ್ಲ.

ಐವತ್ತು ವರ್ಷದ ಹಿಂದೆ ಒಂದು ಸಾಯಂಕಾಲ ಅಂಥದೇ ಅರಗನ್ನು ನಾನೇ ಕೈಯಾರೆ ಕರಗಿಸಿದ್ದೆ. ಅದನ್ನು ಹೇಳಬೇಕಾದರೆ ಬೆಣ್ಣೆಯಮ್ಮನ ವಿಷಯ ಹೇಳಬೇಕು. ಇಷ್ಟು ಕಾಲ ಯಾರಿಗೂ ಹೇಳಲಿಲ್ಲ. ಕಟ್ಟಿಕೊಂಡವಳಿಗೂ ಹೇಳಲಿಲ್ಲ, ಆಕೆಯೂ ಹೋಗಿಬಿಟ್ಟಳು.

ಯಾವ ಊರು ಎಂದು ಮಾತ್ರ ಕೇಳಬೇಡಿ. ಮಂಡ್ಯ, ಮದ್ದೂರು, ಮಳವಳ್ಳಿ ಮೂರೂ ಕಡೆಯ ತಾಲ್ಲೂಕು ಕಚೇರಿಗಳಲ್ಲಿ ಬೆಂಚು ಸವೆಸಿದವನು ನಾನು. ಮೂರರಲ್ಲಿ ಒಂದು ಎಂದಿಟ್ಟುಕೊಳ್ಳಿ. ಅಂದು ಅಲ್ಲಿದ್ದವರ ಮೊಮ್ಮಕ್ಕಳು ಈಗಲೂ ಬಸ್ಸಿನಲ್ಲಿ ನನಗೆ ಸೀಟು ಬಿಟ್ಟುಕೊಡುತ್ತಾರೆ. ಅವರ ಅಜ್ಜಂದಿರನ್ನು ಬೀದಿಗೆಳೆದು ನನಗೇನಾಗಬೇಕು? ತಪ್ಪು ನನ್ನದು. ಅಷ್ಟು ಗೊತ್ತಿದ್ದರೆ ಸಾಕು.

ನನ್ನ ತಂದೆ ಆ ಊರಿನ ಶಾಲೆಯಲ್ಲಿ ಮೇಷ್ಟರಾಗಿದ್ದರು. ನಾನು ಹುಟ್ಟುವ ಮೊದಲಿನಿಂದಲೂ ಪ್ರತಿ ಸಂತೆಯ ದಿನ ಬೆಣ್ಣೆಯಮ್ಮ ನಮ್ಮ ಮನೆಗೆ ಬೆಣ್ಣೆ ತರುತ್ತಿದ್ದಳು. ನಾಲ್ಕು ಮೈಲಿ ಆಚೆ, ನಾಲೆಯ ಕೊನೆಯಲ್ಲಿದ್ದ ಹಳ್ಳಿಯ ಒಕ್ಕಲಿನವಳು. ಚಿಕ್ಕ ವಯಸ್ಸಿಗೇ ಗಂಡ ತೀರಿಕೊಂಡಿದ್ದ, ಮಕ್ಕಳಿರಲಿಲ್ಲ. ಗಂಡನ ಪಾಲಿಗೆ ಬಂದ ಗದ್ದೆಯನ್ನು ಮೈದುನನ ಬಾಯಿಗೆ ಹಾಕದೆ ತಾನೇ ನಿಂತು ಉಳಿಸಿಕೊಂಡಿದ್ದಳು. ನಮ್ಮ ಜಗಲಿಯ ಮೇಲೆ ಕೂತು ಬಾಳೆಲೆ ಬಿಚ್ಚಿ, ತೂಕಕ್ಕೆ ಇಡುವ ಮೊದಲು ಒಂದು ಉಂಡೆಯನ್ನು ನನ್ನ ಅಂಗೈಗೆ ಹಾಕಿ, "ನುಂಗ್ಬುಡು ಮಗ, ನಿಮ್ಮವ್ವ ಬರೋದ್ರೊಳ್ಗೆ" ಅನ್ನುತ್ತಿದ್ದಳು. ಅಮ್ಮ ಒಳಗಿನಿಂದಲೇ ನಗುತ್ತಿದ್ದರು. ಅವಳ ಬಾಯಿಗೆ ಬೀಗವಿಲ್ಲ, ಕೈಯಲ್ಲಿ ಮೋಸವಿಲ್ಲ ಎಂದು ಅಮ್ಮನ ಮಾತು.

ನಾನು ಕಚೇರಿ ಸೇರಿದಾಗ ಮಹಾಯುದ್ಧ ನಡೆಯುತ್ತಿತ್ತು. ಸೀಮೆಎಣ್ಣೆಗೂ ಚೀಟಿ, ಸಕ್ಕರೆಗೂ ಚೀಟಿ. ನನ್ನದು ಹಂಗಾಮಿ ಗುಮಾಸ್ತೆ ಕೆಲಸ. ಖಾಯಂ ಆಗುವ ಕಾಗದ ಮೈಸೂರಿನಿಂದ ಇವತ್ತು ಬಂದೀತು, ನಾಳೆ ಬಂದೀತು ಎಂದು ಕಾಯುತ್ತಿದ್ದೆ. ಹೊಸದಾಗಿ ಮದುವೆಯಾಗಿತ್ತು. ವೈದ್ಯನಾಥಪುರದ ಕಡೆಯ ಹುಡುಗಿ, ಆಗಲೇ ಬಸುರಿ.

ಆ ಕಾಲದಲ್ಲಿ ಎಲ್ಲರಿಗೂ ಓಟು ಇರಲಿಲ್ಲ. ಜಮೀನಿದ್ದು ಗೊತ್ತಾದಷ್ಟು ಕಂದಾಯ ಕಟ್ಟುವವರಿಗೆ, ಒಂದಿಷ್ಟು ಓದಿಕೊಂಡವರಿಗೆ ಮಾತ್ರ. ಆಕೆಯ ಹಳ್ಳಿಯಿಂದ ಪಟ್ಟಿಯಲ್ಲಿದ್ದವರನ್ನು ಬೆರಳಲ್ಲಿ ಎಣಿಸಬಹುದಿತ್ತು. ಅವರಲ್ಲಿ ಹೆಂಗಸು ಬೆಣ್ಣೆಯಮ್ಮ ಒಬ್ಬಳೇ. ಅದರ ಜಂಬ ಆಕೆಗೆ ಬಲು ಜೋರು. ಓದು ಬಾರದವರು ತಮ್ಮ ಓಟು ಯಾರಿಗೆ ಎಂದು ಅಧಿಕಾರಿಯ ಕಿವಿಯಲ್ಲಿ ಹೇಳಬೇಕಿತ್ತು. ಅವರು ಕಾಗದಕ್ಕೆ ಗುರುತು ಮಾಡಿ ಪೆಟ್ಟಿಗೆಗೆ ಹಾಕುತ್ತಿದ್ದರು. ಹಿಂದಿನ ಸಲ ಈಕೆ ಇಡೀ ಕಚೇರಿಗೆ ಕೇಳುವಂತೆ ಹೇಳಿಬಿಟ್ಟಿದ್ದಳಂತೆ. ಮೆತ್ತಗೆ ಹೇಳಮ್ಮ ಎಂದರೆ, "ಯಾಕೆ, ನಾನೇನ್ ಕದ್ದಿವ್ನಾ?" ಎಂದಳಂತೆ. ಅದನ್ನು ಹೇಳಿಕೊಂಡು ನಮ್ಮ ಕಚೇರಿಯ ಹಿರಿಯ ಜವಾನ, ದಫೇದಾರ, ವರ್ಷಗಟ್ಟಲೆ ನಗುತ್ತಿದ್ದ.

ಈ ಸಲ ಮೈಸೂರಿನಲ್ಲಿ ಸೇರುವ ಪ್ರಜೆಗಳ ಸಭೆಗೆ ಚುನಾವಣೆ. ನಿಂತವರು ಇಬ್ಬರು. ಒಬ್ಬರು ನಾಲೆಯ ತಲೆಯಲ್ಲಿ ಎಕರೆಗಟ್ಟಲೆ ಕಬ್ಬು ಬೆಳೆಯುತ್ತಿದ್ದ ಸಾಹುಕಾರರು. ಇನ್ನೊಬ್ಬರು ಪೇಟೆಯ ಜವಳಿ ಅಂಗಡಿಯವರು. ನಾಲೆಯ ಕೊನೆಯ ಹಳ್ಳಿಗಳಿಗೆ ನೀರು ತಲುಪುತ್ತಿಲ್ಲ ಎಂದು ಸಭೆಯಲ್ಲಿ ಎದ್ದು ನಿಂತು ಹೇಳುತ್ತೇನೆ ಎಂದು ಮಾತು ಕೊಟ್ಟಿದ್ದರು. ಬೆಣ್ಣೆಯಮ್ಮನಿಗೆ ಅಷ್ಟೇ ಬೇಕಾಗಿದ್ದದ್ದು. ಆ ವರ್ಷ ಆಕೆಯ ಭತ್ತ ಹೊಡೆ ಬಿಚ್ಚಿ ತೆನೆ ಬರುವ ಹೊತ್ತಿಗೆ ಗದ್ದೆ ಬಿರುಕು ಬಿಟ್ಟಿತ್ತು. ಸಂತೆಗೆ ಬಂದವಳು ಅಮ್ಮನ ಹತ್ತಿರ ಬೆಣ್ಣೆಯ ಮಾತೇ ಆಡದೆ ನೀರಿನ ಮಾತನ್ನೇ ಆಡುತ್ತಿದ್ದಳು. "ಒಬ್ಬನಾದ್ರೂ ಅಲ್ಲೋಗಿ ಬಾಯ್ಬುಡ್ಲಿ ಕಣವ್ವ. ಆಮೇಲೆ ನೀರು ಬರ್ಲಿ, ಬುಡ್ಲಿ."

ಓಟಿಗೆ ಮೂರು ದಿನವಿದೆ ಅನ್ನುವಾಗ ನೀರುಗಂಟಿ, ಅಂದರೆ ತೂಬು ತೆಗೆದು ಗದ್ದೆಗಳಿಗೆ ಸರದಿಯಂತೆ ನೀರು ಬಿಡುವವನು, ಆಕೆಯ ಸರದಿಯ ನೀರನ್ನು ಮೇಲಿನ ಕಬ್ಬಿಗೆ ತಿರುಗಿಸಿದ. ಕೇಳಲು ಹೋದಳು. ಮಾತಿಗೆ ಮಾತು ಬೆಳೆಯಿತು. ಗುದ್ದಲಿಯ ಕಾವಿನಿಂದ ಒಂದು ಬಿಟ್ಟಳು. ಅವನ ಎರಡು ಬೆರಳು ಮುರಿಯಿತು. ಮಧ್ಯಾಹ್ನದೊಳಗೆ ದೂರು, ಸಾಯಂಕಾಲದೊಳಗೆ ಪೋಲೀಸು. ಇಲ್ಲ, ಸುಳ್ಳು ಕೇಸು ಅಲ್ಲ. ಆಕೆಯೂ ಹಾಗೆ ಹೇಳಲಿಲ್ಲ. "ಒಡ್ದೆ. ಇಲ್ಲ ಅಂದೋರ್ಯಾರು? ಅವ್ನು ಕೂಲಿಯೋನು, ಅವನ್ಗೆ ಒಡೀಬಾರ್ದಾಗಿತ್ತು" ಅಂದಳು. ತಾಲ್ಲೂಕಿಗೆ ಅಧಿಕಾರಿಯೂ ಮ್ಯಾಜಿಸ್ಟ್ರೇಟರೂ ಆಗಿದ್ದ ಅಮಲ್ದಾರರ ಮುಂದೆಯೂ ಅದನ್ನೇ ಅಂದಳು.

ನಮ್ಮ ಕಚೇರಿ ಹಳೆಯ ಕಾಲದ ಚೌಕದ ಕಟ್ಟಡ. ಒಂದು ಕಡೆ ಅಮಲ್ದಾರರ ಕೋಣೆ, ಇನ್ನೊಂದು ಕಡೆ ಖಜಾನೆ, ಖಜಾನೆಗೆ ಅಂಟಿಕೊಂಡಂತೆ ಲಾಕಪ್ಪು. ದುಡ್ಡಿಗೂ ಕೈದಿಗಳಿಗೂ ಒಬ್ಬನೇ ಪಹರೆಯವನು. ಹೆಂಗಸರಿಗೆ ಎಂದು ಬೇರೆ ಒಂದು ಕೋಣೆ ಇತ್ತು. ಯಾರೂ ಬರುವುದಿಲ್ಲವೆಂದು ಅದಕ್ಕೆ ಹಳೆಯ ಕಡತ ತುಂಬಿದ್ದರು. ಬೆಣ್ಣೆಯಮ್ಮ ಬಂದ ಸಾಯಂಕಾಲ ಆ ಕಡತಗಳನ್ನು ಹೊತ್ತು ಹೊರಗೆ ಹಾಕಿದವನು ನಾನೇ. ಧೂಳಿನಲ್ಲಿ ಸೀನುತ್ತಿದ್ದ ನನ್ನನ್ನು ನೋಡಿ, "ನಿನ್ಗೂ ಸಿಕ್ಸೆ ಆಯ್ತಲ್ಲ ಮಗ" ಎಂದು ನಕ್ಕಳು. ಕಸ ಗುಡಿಸುವವಳನ್ನು ಆಕೆಯ ಜೊತೆಗೆ ಕಾವಲು ಕೂರಿಸಿದರು.

ಯಾರಾದರೂ ಜಾಮೀನು ನಿಂತರೆ ಬಿಡುತ್ತೇನೆ ಎಂದು ಅಮಲ್ದಾರರು ಹೇಳಿದ್ದರು. ಮೈದುನ ಬಂದ. ಕಚೇರಿಯ ಬಾಗಿಲಲ್ಲಿ ಸಾಹುಕಾರರ ಕಡೆಯವನೊಬ್ಬ, ಜರಿ ಶಲ್ಯ ಹೊದ್ದು ಸದಾ ಎಲೆಅಡಿಕೆ ಅಗಿಯುತ್ತಿದ್ದವನು, ಅವನ ಹೆಗಲ ಮೇಲೆ ಕೈ ಹಾಕಿ ಹೊಂಗೆ ಮರದ ಕೆಳಗೆ ಕರೆದುಕೊಂಡು ಹೋದ. ಏನು ಮಾತಾಡಿದರೋ ದೇವರೇ ಬಲ್ಲ. ಮೈದುನ ಒಳಗೆ ಬರಲೇ ಇಲ್ಲ, ಹಾಗೇ ಊರಿಗೆ ಹೋದ. ಆಮೇಲೆ ಆ ಶಲ್ಯದವನೇ ಕಂಬಿಯ ಹತ್ತಿರ ಬಂದು, ಓಟಿನ ದಿನ ಬಾಯಿ ಮುಚ್ಚಿಕೊಂಡು ಊರಲ್ಲೇ ಇರುತ್ತೇನೆ ಅಂದರೆ ಇವತ್ತೇ ಬಿಡಿಸುತ್ತೇವೆ ಎಂದ. ಆಕೆ ಅವನ ಕಾಲ ಬಳಿ ಒಮ್ಮೆ ಉಗಿದಳು, ಅಷ್ಟೇ.

ಓಟಿನ ದಿನ ಬಂತು. ಲಾಕಪ್ಪಿನ ಎದುರಿನ ಪಡಸಾಲೆಯಲ್ಲೇ ಮೇಜು ಹಾಕಿ ಓಟಿನ ಪೆಟ್ಟಿಗೆ ಇಟ್ಟರು. ಕಂಬಿಯಿಂದ ಮೇಜಿಗೆ ಹೆಚ್ಚೆಂದರೆ ಇಪ್ಪತ್ತು ಹೆಜ್ಜೆ. ಅಮಲ್ದಾರರು ಕುರ್ಚಿಯಲ್ಲಿ, ಪಕ್ಕದಲ್ಲಿ ಪಟ್ಟಿ ಹಿಡಿದು ನಾನು. ನಮ್ಮಲ್ಲಿ ಒಂದು ಪದ್ಧತಿ ಇತ್ತು. ಕೋರ್ಟಿನಲ್ಲಿ ಕೂಗುವ ಹಾಗೆ ದಫೇದಾರ ಬಾಗಿಲಲ್ಲಿ ನಿಂತು ಪಟ್ಟಿಯಲ್ಲಿದ್ದ ಒಬ್ಬೊಬ್ಬರ ಹೆಸರನ್ನೂ ಮೂರು ಸಲ ಕೂಗಬೇಕು. ಓಗೊಟ್ಟು ಬಂದವರು ಓಟು ಹಾಕುತ್ತಾರೆ. ಮೂರು ಕೂಗಿಗೂ ಓಗೊಡದಿದ್ದರೆ ನಾನು ಕೆಂಪು ಪೆನ್ಸಿಲ್ಲಿನಲ್ಲಿ 'ಗೈರು' ಎಂದು ಬರೆಯಬೇಕು. ಸಾಯಂಕಾಲ ಪೆಟ್ಟಿಗೆ ಮುಚ್ಚುವ ಮೊದಲು ಉಳಿದ ಹೆಸರುಗಳಿಗೆ ಕೊನೆಯ ಕೂಗು. ಅದಕ್ಕೂ ಬಾರದಿದ್ದರೆ ಮುಗಿಯಿತು.

ಬೆಳಗಿನಿಂದ ಗಾಡಿ ಕಟ್ಟಿಕೊಂಡು ಜನ ಬರುತ್ತಿದ್ದರು. ಹತ್ತು ಗಂಟೆಯ ಸುಮಾರಿಗೆ ಆಕೆಯ ಹಳ್ಳಿಯ ಸರದಿ. ಪಟ್ಟಿಯಲ್ಲಿ ಆಕೆಯ ಹೆಸರು ಇದ್ದೇ ಇತ್ತು. ತೆಗೆಯಿರಿ ಎಂದು ಯಾರೂ ಹೇಳಿರಲಿಲ್ಲ, ದಫೇದಾರನಿಗೂ ಹೊಳೆಯಲಿಲ್ಲ. ಅಭ್ಯಾಸಬಲದಿಂದ ಬಾಗಿಲ ಕಡೆಗೆ ಮುಖ ಮಾಡಿ ಕೂಗಿಬಿಟ್ಟ.

"ಇವ್ನಿ! ಇಲ್ಲೇ ಇವ್ನಿ ಕಣಪ್ಪೋ!"

ದನಿ ಬಂದದ್ದು ಬೆನ್ನ ಹಿಂದಿನಿಂದ. ಎಲ್ಲರೂ ತಿರುಗಿದೆವು. ಎರಡೂ ಕೈಯಲ್ಲಿ ಕಂಬಿ ಹಿಡಿದು ನಿಂತಿದ್ದಳು. ತಲೆ ಬಾಚಿಕೊಂಡು, ಸೆರಗು ಸರಿಮಾಡಿಕೊಂಡು ಬೆಳಗಿನಿಂದ ಸಿದ್ಧವಾಗಿದ್ದಳೆಂದು ಕಾಣುತ್ತದೆ. ಒಬ್ಬಿಬ್ಬರು ನಕ್ಕರು. ದಫೇದಾರ ಬಾಯಿ ತೆರೆದುಕೊಂಡು ಅಮಲ್ದಾರರ ಮುಖ ನೋಡಿದ. ಎರಡನೆಯ ಸಲ ಕೂಗಲೋ ಬೇಡವೋ ಅವನಿಗೆ ತಿಳಿಯಲಿಲ್ಲ. ನನ್ನ ಕೈಯಲ್ಲಿ ಕೆಂಪು ಪೆನ್ಸಿಲ್ಲು. ಓಗೊಟ್ಟವಳನ್ನು ಗೈರು ಎಂದು ಬರೆಯುವುದು ಹೇಗೆ?

ಸಾಲಿನಲ್ಲಿ ನಿಂತವರಲ್ಲಿ ಗುಸುಗುಸು ಎದ್ದಿತು. "ಕೈ ಮುರ್ದು ಒಳ್ಗೆ ಕುಂತವ್ಳೆ, ಅವ್ಳಿಗ್ಯಾತರ ಓಟ್ಲಾ?" ಎಂದ ಒಬ್ಬ. ಅವನ ಹಿಂದಿದ್ದ ಮುದುಕ ಸಿಡುಕಿದ: "ಒಳ್ಗವ್ಳೆ ಅಂತ ಕಂದಾಯ ಬುಟ್ಟಾರೇನ್ಲಾ? ಅದನ್ನ ಮಾತ್ರ ಕಂಬಿ ಸಂದ್ಯಾಗೇ ಈಸ್ಕೋತಾರೆ." ಮತ್ತೊಬ್ಬ, ಕಳ್ಳನಿಗೂ ಓಟು ಕೊಡುವುದಾದರೆ ನಾಳೆ ಕಳ್ಳರೇ ಸೇರಿ ಕಳ್ಳನನ್ನು ಕಳಿಸುತ್ತಾರೆ ಎಂದ. "ಈಗೇನ್ ಸಾಚಾಗಳ್ನ ಕಳುಸ್ತಾ ಇದೀವಾ?" ಎಂದ ಮುದುಕ. ಶಲ್ಯದವನು ಅವನ ಕಡೆ ದುರುಗುಟ್ಟಿ ನೋಡಿದ ಮೇಲೆ ಸದ್ದಡಗಿತು.

ಅಮಲ್ದಾರರು ಕೆಟ್ಟವರಲ್ಲ. ಪುಕ್ಕಲರು. ಆ ಹೆಸರನ್ನು ಹಾಗೇ ಬಿಡಿ, ಸಾಯಂಕಾಲದೊಳಗೆ ನೋಡೋಣ ಎಂದು ಮುಂದಿನ ಹೆಸರು ಕೂಗಿಸಿದರು. ನನ್ನ ಕಡೆ ಬಾಗಿ, ಚುನಾವಣೆಯ ರೂಲ್ಸಿನ ಪುಸ್ತಕ ತೆಗೆದು ನೋಡು, ಏನಿದೆ ಹೇಳು ಎಂದರು.

ಮಧ್ಯಾಹ್ನ ಊಟಕ್ಕೆಂದು ಮನೆಗೆ ಹೋದೆ. ಅಮ್ಮ ನನಗೆ ಬಡಿಸುವ ಮೊದಲು ಅನ್ನ, ಹುಳಿ, ಮೇಲೊಂದು ತುಪ್ಪದ ಬಟ್ಟಲು ಕಟ್ಟಿಟ್ಟಿದ್ದರು. "ಅವಳ ಬೆಣ್ಣೆ ತಿಂದು ಬೆಳೆದವನು ನೀನು. ಮೊದಲು ಕೊಟ್ಟು ಬಾ" ಎಂದರು. ಪಹರೆಯವನು ಕಂಡೂ ಕಾಣದಂತೆ ತಿರುಗಿಕೊಂಡ. ಬೆಣ್ಣೆಯಮ್ಮ ಊಟವನ್ನು ಪಕ್ಕಕ್ಕಿಟ್ಟು ಕಂಬಿಯ ಹತ್ತಿರ ಬಂದಳು.

"ಪುಸ್ತಕ ಐತಂತಲ್ಲ ಮಗ. ನೋಡ್ದಾ?"

ಇನ್ನೂ ಇಲ್ಲಮ್ಮ ಎಂದೆ.

"ನೋಡು. ಪುಸ್ತಕದಾಗೆ ಇಲ್ಲ ಅಂದ್ರೆ ನಾನು ತಕರಾರು ಮಾಡೋಳಲ್ಲ, ಸುಮ್ಕಾಯ್ತೀನಿ. ಐತೆ ಅಂದ್ರೆ ಇವ್ರಪ್ಪನಾಣೆ ಬುಡಕಿಲ್ಲ. ಬೇರೆ ಯಾರ್ ಯೋಳುದ್ರೂ ನಂಬಕಿಲ್ಲ ನಾನು. ನೀನ್ ಯೋಳು."

ಕಡತದ ಕೋಣೆಯಲ್ಲಿ ಕೂತು ಪುಸ್ತಕ ಬಿಚ್ಚಿದೆ. ಇಂಗ್ಲಿಷಿನಲ್ಲಿ ಅಚ್ಚಾದ ತೆಳ್ಳನೆಯ ಪುಸ್ತಕ. ಹುಡುಕಲು ಕಷ್ಟವೇನೂ ಆಗಲಿಲ್ಲ. ಯಾರಿಗೆ ಓಟಿಲ್ಲ ಎಂದು ಒಂದೇ ಕಡೆ ಬರೆದಿತ್ತು. ಬುದ್ಧಿ ಕೆಟ್ಟವರಿಗೆ ಇಲ್ಲ. ಅಪರಾಧ ರುಜುವಾತಾಗಿ ಶಿಕ್ಷೆ ಅನುಭವಿಸುತ್ತಿರುವವರಿಗೆ ಇಲ್ಲ. ವಿಚಾರಣೆಗೆ ಕಾದು ಕೂತವರ ಮಾತೇ ಅಲ್ಲಿರಲಿಲ್ಲ. ಆಕೆಗೆ ಇನ್ನೂ ಶಿಕ್ಷೆಯಾಗಿರಲಿಲ್ಲ. ಅಂದ ಮೇಲೆ ಓಟು ಉಂಟು. ನಾಲ್ಕು ಸಲ ಓದಿದೆ. ನಾಲ್ಕು ಸಲವೂ ಅದೇ ಅರ್ಥ. ಸಂತೋಷವಾಗಲಿಲ್ಲ, ಹೆದರಿಕೆಯಾಯಿತು.

ಅಮಲ್ದಾರರು ನನ್ನನ್ನು ಕೋಣೆಗೆ ಕರೆಸಿಕೊಂಡರು. ನಾನು ಬಾಯಿ ಬಿಡುವ ಮೊದಲೇ ಅವರೇ ಮಾತಾಡಿದರು. "ಬಾಯಲ್ಲಿ ಹೇಳೋದು ಬೇಡ. ಒಂದು ಟಿಪ್ಪಣಿ ಬರೆದು ತಾ. ಅವಕಾಶ ಇದೆ ಅಂತಿದ್ದರೆ ರೂಲು ನಂಬರು ಹಾಕಿ ಬರಿ, ಕೆಳಗೆ ನಿನ್ನ ರುಜು ಇರಲಿ. ನಾನು ಒಪ್ಪಿಗೆ ಹಾಕ್ತೀನಿ. ಇಪ್ಪತ್ತು ಹೆಜ್ಜೆ ನಡೆಸಿಕೊಂಡು ಬರೋದೇನು ಮಹಾ?" ನಾಳೆ ಯಾರಾದರೂ ಕೇಳಿದರೆ ಗುಮಾಸ್ತೆ ಬರೆದ, ನಾನು ನಂಬಿದೆ ಎನ್ನಬಹುದಲ್ಲ! ಜಾಣರು. ಆದರೂ ದಾರಿ ತೆರೆದಿಟ್ಟರು, ಅದು ಸುಳ್ಳಲ್ಲ. ಆ ದಾರಿಗೆ ಅಡ್ಡ ಮಲಗಿದವನು ನಾನು.

ಹೊರಗೆ ಬಂದರೆ ಶಿರಸ್ತೇದಾರರು ಕಾದಿದ್ದರು. ನಮ್ಮೆಲ್ಲರ ಮೇಲಿನ ಗುಮಾಸ್ತೆ, ತಲೆ ನರೆತವರು. ಕಂಬದ ಮರೆಗೆ ಕರೆದು ಮೆಲ್ಲಗೆ ಹೇಳಿದರು: "ನಿನ್ನ ಖಾಯಂ ಕಾಗದ ಸಾಹುಕಾರರ ಮಾತಿನ ಮೇಲೆ ನಿಂತಿದೆ, ಗೊತ್ತೇನೋ? ಹೆಂಡತಿ ಬಸುರಿ. ಉಪ್ಪಿನಕಾಯಿ ಮಾರೋಕೆ ಹೋಗ್ತೀಯಾ? ನೀನು ಸುಳ್ಳು ಬರೀಬೇಡಪ್ಪ. ಸ್ಪಷ್ಟವಾಗಿಲ್ಲ ಅಂತ ಬರಿ. ಅದರಲ್ಲಿ ಪಾಪ ಏನಿದೆ?"

ಕೂತೆ. ಕಾಗದ ತೆಗೆದೆ. ಗಡಿಯಾರದಲ್ಲಿ ನಾಲ್ಕು ಗಂಟೆಯಾಗಿತ್ತು. ಐದಕ್ಕೆ ಪೆಟ್ಟಿಗೆ ಮುಚ್ಚಬೇಕು. ಮಸಿ ಅದ್ದುವುದು, ಒಣಗುವುದು, ಮತ್ತೆ ಅದ್ದುವುದು… ಒಮ್ಮೆ ರೂಲಿನ ನಂಬರನ್ನೂ ಬರೆದೆ. ಆ ಕಾಗದ ಹರಿದು ಅಂಗಿಯ ಜೇಬಿಗೆ ಹಾಕಿಕೊಂಡೆ. ಕಿಟಕಿಯಿಂದ ಹೊಂಗೆ ಮರದ ಕೆಳಗೆ ಶಲ್ಯದವನು ಕಾಣುತ್ತಿದ್ದ. ಅವನು ನನ್ನ ಕಡೆ ನೋಡುತ್ತಲೂ ಇರಲಿಲ್ಲ, ಎಲೆಗೆ ಸುಣ್ಣ ಹಚ್ಚಿಕೊಳ್ಳುತ್ತಿದ್ದ. ನನ್ನನ್ನು ಯಾರೂ ಬೆದರಿಸಲಿಲ್ಲ. ಬೆದರಿಸಿದ್ದರೆ ಒಂದು ನೆಪವಾದರೂ ಇರುತ್ತಿತ್ತು. 'ನಿಯಮ ಸ್ಪಷ್ಟವಾಗಿಲ್ಲ' ಎಂದು ಬರೆದು ರುಜು ಹಾಕಿದೆ.

ಅಮಲ್ದಾರರು ಓದಿ, ಕನ್ನಡಕದ ಮೇಲಿನಿಂದ ನನ್ನನ್ನೊಮ್ಮೆ ನೋಡಿದರು. ಸ್ಪಷ್ಟವಾಗಿಲ್ಲ ಎಂದ ಮೇಲೆ ನಾನೇನು ಮಾಡಲಿ, ಅವಳಿಗೆ ನೀನೇ ತಿಳಿಸಿಬಿಡು ಎಂದರು. ಅವರ ದನಿಯಲ್ಲಿ ಸಮಾಧಾನವಿತ್ತೋ ಬೇಸರವಿತ್ತೋ ಇವತ್ತಿಗೂ ಗೊತ್ತಾಗಲಿಲ್ಲ.

ಆ ಇಪ್ಪತ್ತು ಹೆಜ್ಜೆ ನಾನು ನಡೆದೆ. ಬೆಣ್ಣೆಯಮ್ಮ ಕಂಬಿ ಬಿಟ್ಟು ಕದಲಿರಲಿಲ್ಲ. ಅನ್ನ ಮುಟ್ಟಿರಲಿಲ್ಲ, ಮುಚ್ಚಿಟ್ಟಲ್ಲೇ ಇತ್ತು. ಓಟು ಹಾಕಿ ಬಂದು ತಿನ್ನೋಣ ಎಂದಿದ್ದಳಂತೆ, ಕಾವಲಿನವಳು ಆಮೇಲೆ ಹೇಳಿದಳು.

"ಏನೈತೆ ಮಗ ಪುಸ್ತಕದಾಗೆ?"

ಸ್ಪಷ್ಟವಾಗಿಲ್ಲ ಎಂಬ ಮಾತನ್ನು ಆಕೆಗೆ ಹೇಗೆ ಹೇಳುವುದು? ಅದು ಸಾಹೇಬರಿಗೆ ಬರೆಯುವ ಮಾತು. ಹಳ್ಳಿಯವಳ ಮುಂದೆ ನಿಂತರೆ ಉಂಟು ಅನ್ನಬೇಕು, ಇಲ್ಲ ಅನ್ನಬೇಕು. ನಾನು ತಲೆಯಾಡಿಸಿದೆ. "ಇಲ್ಲಮ್ಮ" ಎಂದೆ.

ಆಕೆ ನನ್ನ ಮುಖವನ್ನೇ ನೋಡಿದಳು. ಸ್ವಲ್ಪವೂ ಅನುಮಾನವಿರಲಿಲ್ಲ ಆ ನೋಟದಲ್ಲಿ. ನನಗೇ ಸಂಕಟವಾಗುತ್ತಿದೆ ಎಂದುಕೊಂಡಳೋ ಏನೋ, "ಓಗ್ಲಿ ಬುಡು. ಬರ್ದಿಲ್ಲ ಅಂದ್ಮೇಲೆ ನೀನೇನ್ ಮಾಡೀಯೆ" ಎಂದು ನನ್ನನ್ನೇ ಸಮಾಧಾನ ಮಾಡಿದಳು. ಗೋಡೆಗೆ ಒರಗಿ ಕೂತುಕೊಂಡಳು.

ಐದಕ್ಕೆ ಹತ್ತು ನಿಮಿಷವಿದ್ದಾಗ ಕೊನೆಯ ಕೂಗು ಶುರುವಾಯಿತು. ಉಳಿದ ಹೆಸರುಗಳು ಏಳೋ ಎಂಟೋ. ಆಕೆಯ ಹೆಸರನ್ನು ಬಿಟ್ಟುಬಿಡು ಎಂದು ದಫೇದಾರನಿಗೆ ಯಾರೂ ಹೇಳಲಿಲ್ಲ. ಅಥವಾ ಬೇಕೆಂದೇ ಕೂಗಿದನೋ, ಕಾಣೆ. ಈ ಸಲ ಅವನು ಬಾಗಿಲ ಕಡೆಗೆ ತಿರುಗಲಿಲ್ಲ. ಲಾಕಪ್ಪಿನ ಕಡೆಗೇ ಮುಖ ಮಾಡಿ ಕೂಗಿದ. ಒಂದು ಸಲ. ಓಗೊಡಲಿ ಎಂದು ಬೇಡಿಕೊಂಡೆ, ಓಗೊಡದಿರಲಿ ಎಂದೂ ಬೇಡಿಕೊಂಡೆ. ಎರಡು ಸಲ. ಅಂಗಳದಲ್ಲಿದ್ದವರೆಲ್ಲ ಅತ್ತಲೇ ನೋಡುತ್ತಿದ್ದರು. ಸಿಡುಕಿದ್ದ ಆ ಮುದುಕ ಓಟು ಹಾಕಿಯೂ ಮನೆಗೆ ಹೋಗದೆ ನಿಂತಿದ್ದ. "ಅನ್ನವ್ವ, ಇವ್ನಿ ಅನ್ನು" ಎಂದು ಗೊಣಗಿದ. ಮೂರನೆಯ ಸಲ ಕೂಗುವಾಗ ದಫೇದಾರನ ದನಿ ಒಡೆಯಿತು.

ಆಕೆ ಮಾತಾಡಲಿಲ್ಲ. ಕೊಟ್ಟ ಮಾತು ನಡೆಸಿಕೊಂಡಳು. ಬೆಳಿಗ್ಗೆ ಊರೆಲ್ಲ ಕೇಳುವಂತೆ ಓಗೊಟ್ಟವಳು ನನ್ನ ಒಂದು ಮಾತಿಗೆ ಬಾಯಿ ಮುಚ್ಚಿಕೊಂಡಳು.

ಕೆಂಪು ಪೆನ್ಸಿಲ್ಲಿನಲ್ಲಿ ಗೈರು ಎಂದು ಬರೆದೆ. ಆಮೇಲೆ ದೀಪ ತಂದರು. ಪೆಟ್ಟಿಗೆಯ ಬಾಯಿಗೆ ಬಟ್ಟೆ ಸುತ್ತಿ, ದಾರ ಬಿಗಿದು, ಗಂಟಿನ ಮೇಲೆ ನಾನು ಅರಗು ಕರಗಿಸಿ ಸುರಿದೆ. ಅಮಲ್ದಾರರು ಮುದ್ರೆ ಒತ್ತಿದರು. ಒಂದು ಹನಿ ನನ್ನ ಹೆಬ್ಬೆರಳ ಮೇಲೆ ಬಿತ್ತು. ಸುಟ್ಟದ್ದು ಗೊತ್ತಾದದ್ದು ಮನೆಗೆ ಹೋದ ಮೇಲೆ.

ಸಾಹುಕಾರರು ಗೆದ್ದರು. ಸುಮ್ಮನೆ ಗೆದ್ದದ್ದಲ್ಲ, ಭಾರಿ ಗೆಲುವು. ಬೆಣ್ಣೆಯಮ್ಮನಂಥ ಇಪ್ಪತ್ತು ಜನ ಓಟು ಹಾಕಿದ್ದರೂ ಅವರು ಸೋಲುತ್ತಿರಲಿಲ್ಲ. ಆ ಲೆಕ್ಕ ಹಿಡಿದುಕೊಂಡು ನಾನು ಎಷ್ಟೋ ದಿನ ನಿದ್ದೆ ಮಾಡಿದೆ. ಮುಂದಿನ ವಾರವೇ ನೀರುಗಂಟಿ ದೂರು ಹಿಂದಕ್ಕೆ ತೆಗೆದುಕೊಂಡ. ಆಕೆ ಹೊರಗೆ ಬಂದವಳೇ ಅವನ ಕೈಗೆ ಪಟ್ಟು ಹಾಕಿಸಲು ನಾಟಿ ವೈದ್ಯರ ಹತ್ತಿರ ತಾನೇ ಕರೆದುಕೊಂಡು ಹೋದಳೆಂದು ಕೇಳಿದೆ. ಆ ವರ್ಷದ ಭತ್ತ ಜೊಳ್ಳಾಯಿತು. ನನ್ನ ಕೆಲಸ ಖಾಯಂ ಆಯಿತು.

ಸಂತೆಯ ದಿನ ಮತ್ತೆ ಬೆಣ್ಣೆ ತಂದಳು. ಮೊದಲಿನ ಹಾಗೇ ಜಗಲಿ, ಬಾಳೆಲೆ, ಅಮ್ಮನ ಹತ್ತಿರ ಜೋರು ಮಾತು. ನನಗೆ ಹುಟ್ಟಿದ ಮಗಳಿಗೆ ಮೊದಲು ಬೆಣ್ಣೆ ನೆಕ್ಕಿಸಿದವಳು ಆಕೆಯೇ. ಆಕೆ ಬರುವ ಹೊತ್ತಿಗೆ ನಾನು ಏನಾದರೊಂದು ಕೆಲಸ ಹಚ್ಚಿಕೊಂಡು ಹಿತ್ತಲಿಗೆ ಹೋಗುತ್ತಿದ್ದೆ. ಹೀಗೇ ಎರಡು ವರ್ಷದ ಮೇಲಾಯಿತು. ಎಂಥ ಗಟ್ಟಿ ಚರ್ಮ ನೋಡಿ ನನ್ನದು!

ಸ್ವಾತಂತ್ರ್ಯ ಬಂದ ವರ್ಷ. ಇನ್ನು ಮೇಲೆ ಜಮೀನಿರಲಿ ಬಿಡಲಿ, ಎಲ್ಲರಿಗೂ ಓಟಂತೆ ಎಂದು ಊರೆಲ್ಲ ಅದೇ ಮಾತು. ಒಂದು ಸಂತೆಯ ದಿನ ಅಮ್ಮ ಮನೆಯಲ್ಲಿರಲಿಲ್ಲ. ನಾನೇ ತಕ್ಕಡಿ ತಂದೆ. ಬೆಣ್ಣೆಯಮ್ಮ ಬಹಳ ಖುಷಿಯಲ್ಲಿದ್ದಳು. "ಎಲ್ರಿಗೂ ಅಂದ್ರೆ ಒಳ್ಗಿರೋರ್ಗೂನಾ ಮಗ?" ಎಂದು ಕೇಳಿ, ತನ್ನ ಮಾತಿಗೆ ತಾನೇ ನಕ್ಕಳು. ಆ ನಗು ನನ್ನಿಂದ ತಡೆಯಲಾಗಲಿಲ್ಲ. ಹೇಳಿಬಿಟ್ಟೆ. ಅಂದು ಪುಸ್ತಕದಲ್ಲಿ ಇತ್ತಮ್ಮ, ಶಿಕ್ಷೆಯಾದವರಿಗೆ ಮಾತ್ರ ಇಲ್ಲ ಅಂತಿತ್ತು, ನಿನಗೆ ಆಗಿರಲಿಲ್ಲ, ನಿನಗೆ ಓಟಿತ್ತು ಎಂದೆ.

ಆಕೆ ಬಾಳೆಲೆ ಬಿಚ್ಚುತ್ತಿದ್ದ ಕೈ ನಿಲ್ಲಿಸಿದಳು. "ಅವತ್ತೇ ಗೊತ್ತಿತ್ತಾ?"

ಗೊತ್ತಿತ್ತು ಎಂದೆ. ಆಮೇಲೆ ಒಂದೇ ಸಮನೆ ಮಾತಾಡಿದೆ. ಕೆಲಸ ಖಾಯಂ ಆಗಿರಲಿಲ್ಲ, ಶಿರಸ್ತೇದಾರರು ಹೀಗಂದರು, ಹೆಂಡತಿ ಬಸುರಿ, ಒಂದು ಓಟಿನಿಂದ ಏನೂ ಆಗುತ್ತಿರಲಿಲ್ಲ, ಅವರು ಅಷ್ಟೊಂದು ಓಟಿನಿಂದ ಗೆದ್ದರು… ಬೆಣ್ಣೆಯಮ್ಮ ಎಲ್ಲವನ್ನೂ ಕೇಳಿಸಿಕೊಂಡಳು. ಬೈಯುತ್ತಾಳೆ ಎಂದುಕೊಂಡಿದ್ದೆ. ಬೈದಿದ್ದರೆ ಎಷ್ಟು ಚೆನ್ನಾಗಿತ್ತು!

"ಗೆಲ್ಲೋದು ಸೋಲೋದು ಆ ದೇವರ್ಗೆ ಬುಟ್ಟಿದ್ದು" ಎಂದಳು ಮೆಲ್ಲಗೆ. "ಮೂರು ಸಲ ಕೂಗ್ದ ಮಗ ಅವ್ನು. ಗಂಟ್ಲಿಗೆ ಬಂದಿತ್ತು. ನೀನ್ ಯೋಳಿದ್ಯಲ್ಲಾ ಅಂತ ನುಂಗ್ಕೊಂಡೆ."

ಬೆಣ್ಣೆ ತೂಗಿಕೊಟ್ಟಳು. ತೂಕ ಯಾವತ್ತಿನಂತೆ ಸರಿಯಾಗಿತ್ತು. ಮಗು ಕೈ ಚಾಚಿತು. ಅದಕ್ಕೂ ಒಂದು ಉಂಡೆ ಕೊಟ್ಟಳು. ಎದ್ದು, ಬುಟ್ಟಿ ತಲೆಗಿಟ್ಟುಕೊಂಡು ಹೋದಳು. ಅದೇ ಕೊನೆ. ಆಮೇಲೆ ಆಕೆ ನಮ್ಮ ಬೀದಿಗೆ ಬರಲಿಲ್ಲ. ಏನಾಯಿತೋ ಬೆಣ್ಣೆಯಮ್ಮನಿಗೆ, ಕಾಯಿಲೆಯೋ ಕಸಾಲೆಯೋ ಎಂದು ಅಮ್ಮ ಬಹಳ ದಿನ ದಾರಿ ನೋಡಿದರು. ನಾನು ಗೊತ್ತಿಲ್ಲ ಎಂದೆ. ನನಗೆ ಬೇರೆ ಊರಿಗೆ ವರ್ಗವಾಯಿತು. ಅಲ್ಲಿದ್ದಾಗ, ಎಲ್ಲರೂ ಓಟು ಹಾಕಿದ ಮೊದಲ ಚುನಾವಣೆಗೆ ಇನ್ನೂ ಸಮಯವಿರುವಾಗಲೇ, ಆಕೆ ಹೋದ ಸುದ್ದಿ ಬಂತು. ಹಾವು ಕಚ್ಚಿತ್ತಂತೆ, ನಾಲೆಯ ಏರಿಯ ಮೇಲೆ.

ಹೋದ ವಾರ ಅಂಚೆ ಕಚೇರಿಯಿಂದ ಬಂದ ಮೇಲೆ ಎದುರು ಮನೆಯ ವಕೀಲರನ್ನು ಕೇಳಿದೆ. ಈಗ ಹೇಗೆ, ಲಾಕಪ್ಪಿನಲ್ಲಿದ್ದವರು ಓಟು ಹಾಕಬಹುದೇ ಎಂದು. ಇಲ್ಲ ಯಜಮಾನರೇ, ಶಿಕ್ಷೆಯಾಗಿರಲಿ ಆಗದಿರಲಿ, ಒಳಗಿದ್ದರೆ ಇಲ್ಲ, ಕಾನೂನಿನಲ್ಲಿ ಚೆನ್ನಾಗಿ ಬಿಡಿಸಿ ಬರೆದಿದ್ದಾರೆ ಎಂದರು. ಕೊಲೆಗಾರರಿಗೆಲ್ಲ ಓಟು ಕೊಡೋಕಾಗುತ್ತಾ ಎಂದೂ ಕೇಳಿದರು. ಆ ವಾದಕ್ಕೆ ಉತ್ತರ ಹೇಳುವಷ್ಟು ದೊಡ್ಡವನಲ್ಲ ನಾನು. ನನಗೆ ಗೊತ್ತಿದ್ದ ಕೈದಿ ಒಬ್ಬಳೇ. ಹೊಡೆದದ್ದು ತಪ್ಪು ಎಂದು ಒಪ್ಪಿಕೊಂಡಿದ್ದಳು. ಮುರಿದ ಬೆರಳುಗಳಿಗೆ ತಾನೇ ನಿಂತು ಪಟ್ಟು ಹಾಕಿಸಿದ್ದಳು.

ನಾನು ಅದನ್ನೂ ಮಾಡಲಿಲ್ಲ. ಅವತ್ತು ಜಗಲಿಯ ಮೇಲೆ ಅಷ್ಟೊಂದು ಮಾತಾಡಿದೆನಲ್ಲ, ಅದರಲ್ಲಿ ಒಂದು ಮಾತು ಮಾತ್ರ ಬರಲೇ ಇಲ್ಲ. ತಪ್ಪಾಯ್ತು ಅಮ್ಮ ಎಂದು ನಾನು ಹೇಳಲಿಲ್ಲ. ಆಕೆ ಬುಟ್ಟಿ ಎತ್ತಿಕೊಳ್ಳುವ ಮೊದಲು ಸ್ವಲ್ಪ ಹೊತ್ತು ಸುಮ್ಮನೆ ನಿಂತಿದ್ದಳು. ಏಕೆ ನಿಂತಿದ್ದಳು ಎಂದು ಈಗ ಅರ್ಥವಾಗುತ್ತದೆ.